ಅಮ್ಮನ ಮದುವೆ ಕಾರಿಗೆ ಎರಡು ಮಷಿನ್

ಅಮ್ಮ ತನ್ನ ಮದುವೆಯ ವಿಷಯವನ್ನು ನನಗೆ ತಿಳಿಸಿದ್ದು ಬೀನ್ಸಿನ ನಾರು ತೆಗೆಯುತ್ತ. "ಬರುವ ತಿಂಗಳು ಒಂದು ಗುರುವಾರ ರಜೆ ಮಾಡು. ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಲಿಕ್ಕುಂಟು" ಎಂದಳು. ಗೋರೆಗಾಂವಿನ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವ ಮಾತು ವರ್ಷಗಳಿಂದ ನಡೆದಿತ್ತು. ಅದೇ ಇರಬೇಕೆಂದುಕೊಂಡು, ಫ್ಲ್ಯಾಟಿನ ಪೇಪರೆಲ್ಲ ಸರಿ ಇದೆಯಾ ಎಂದು ಕೇಳಿದೆ.

"ಫ್ಲ್ಯಾಟಿನದ್ದಲ್ಲ. ಮದುವೆಯದ್ದು."

"ಯಾರದ್ದು?"

"ನನ್ನದೇ. ಸಾಕ್ಷಿಗೆ ಮೂರು ಜನ ಬೇಕಂತೆ. ನೀನೊಬ್ಬಳು, ಮಾವ ಒಬ್ಬ. ಮೂರನೆಯವರನ್ನು ನೀನೇ ನೋಡು."

ಅಮ್ಮನಿಗೆ ಆಗ ಅರವತ್ತು ದಾಟಿತ್ತು. ಅಪ್ಪ ತೀರಿಕೊಂಡಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಅಂದಿನಿಂದ ಅವಳು ಮನೆಯಲ್ಲೇ ಅಡುಗೆ ಮಾಡಿ, ಸುತ್ತಲಿನ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುತ್ತ ನನ್ನನ್ನು ಓದಿಸಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಮದುವೆ ಎಂಬ ಶಬ್ದವನ್ನು ಬಳಸಿದ್ದು ನನ್ನ ಸಂಬಂಧದಲ್ಲಿ ಮಾತ್ರ, ಅದೂ ನಾನು ಮೂವತ್ತೈದು ದಾಟಿದ ಮೇಲೆ ನಿಂತುಹೋಗಿತ್ತು. ನಾನು ಎದುರು ಕೂತು ಇನ್ನೊಂದು ಹಿಡಿ ಬೀನ್ಸ್ ತೆಗೆದುಕೊಂಡೆ. ಅವರು ಯಾರು ಎಂದು ಕೇಳಿದೆ.

"ಕುಮಟಾ ಕಡೆಯವರು. ಹೆಂಡತಿ ಹೋಗಿ ತುಂಬ ವರ್ಷ ಆಯ್ತು. ಮಕ್ಕಳಿಲ್ಲ. ಗಾಡಿ ಲೈನಿನಲ್ಲಿದ್ದರು, ಈಗ ಬಿಟ್ಟಿದ್ದಾರೆ."

"ಒಳ್ಳೆಯವರಾ?"

ಅಮ್ಮ ಕೈ ನಿಲ್ಲಿಸಿ ಯೋಚಿಸಿದಳು. "ಹಾರ್ನ್ ಜಾಸ್ತಿ ಹೊಡೆಯುವುದಿಲ್ಲ" ಎಂದಳು.

ಈ ಸುದ್ದಿಯನ್ನು ಮಾವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಾವ ಎಂದರೆ ಅಮ್ಮನ ತಮ್ಮ. ಉಡುಪಿಯಿಂದ ಮೀಸೆ ಬರುವ ಮೊದಲೇ ಮುಂಬಯಿಗೆ ಬಂದವನು, ಬೈಕುಲ್ಲಾದಲ್ಲಿ ಬಹಳ ಕಾಲ ಹೋಟೆಲು ನಡೆಸಿದವನು. ಹೋಟೆಲಿದ್ದ ಕಟ್ಟಡ ಉರುಳಿದ ಮೇಲೆ, ಇನ್ನು ಬಡಿಸುವ ಕೆಲಸ ಸಾಕು ಎಂದು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಟರಿನ ಒಂದು ಉದ್ದ ಕೋಣೆ ಹಿಡಿದು ಕಾರುಗಳಿಗೆ ಪಾಲಿಶ್ ಮಾಡುವ ಅಂಗಡಿ ತೆರೆದ. ಲೆಕ್ಕ ಬರೆಯಲಿಕ್ಕೆಂದು ನನ್ನನ್ನು ಕರೆದ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಲೆಕ್ಕ ಬಿಟ್ಟು ಪಾಲಿಶ್ ಹಿಡಿದಿದ್ದೆ. ಕಾರುಗಳು ಲೆಕ್ಕಕ್ಕಿಂತ ಬೇಗ ಮುಗಿಯುತ್ತಿದ್ದವು.

ಮಾವ ಸುದ್ದಿ ಕೇಳಿ, ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟ.

"ಕಾರು ಉಂಟಾ ಅವರ ಹತ್ರ?"

"ಉಂಟಂತೆ."

"ಯಾವ ಬಣ್ಣ?"

"ಕಪ್ಪು."

"ಮದುವೆಗೆ ಮುಂಚೆ ಇಲ್ಲಿಗೆ ತರ್ಲಿಕ್ಕೆ ಹೇಳು. ನೋಡುವಾ."

ಸಾಕ್ಷಿ ಹಾಕುತ್ತಾನೋ ಇಲ್ಲವೋ ಎಂಬುದಕ್ಕೆ ಅವನು ಕೊಟ್ಟ ಉತ್ತರ ಅಷ್ಟೇ. ಅಕ್ಕ ಈ ವಯಸ್ಸಿನಲ್ಲಿ ಮದುವೆಯಾಗುವುದು ಅವನಿಗೆ ಸರಿ ಕಂಡಿರಲಿಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತೆಲ್ಲ ಮಷಿನಿನದ್ದೇ ಆಯಿತು.

ಆ ಜಗಳ ಹಿಂದಿನಿಂದಲೂ ಇತ್ತು. ಅಂಗಡಿಯಲ್ಲಿ ಎರಡು ಪಾಲಿಶ್ ಮಷಿನುಗಳಿದ್ದವು. ನನ್ನದು ರ‍್ಯಾಂಡಮ್ ಆರ್ಬಿಟಲ್. ಅದರ ಬಾಯಿಗೆ ಅಂಟಿಸಿದ ಸ್ಪಂಜಿನ ಪ್ಯಾಡನ್ನು ಮೋಟಾರು ಒಂದು ಸಣ್ಣ ವೃತ್ತದಲ್ಲಿ ತೂಗುತ್ತದೆ. ಪ್ಯಾಡು ತನ್ನ ಸುತ್ತ ತಾನು ತಿರುಗುವುದನ್ನು ಮಾತ್ರ ಅದರ ಮರ್ಜಿಗೆ ಬಿಟ್ಟಿರುತ್ತದೆ. ಕೈ ಹಗುರ ಇದ್ದರೆ ತಿರುಗುತ್ತದೆ, ಒತ್ತಿದರೆ ಅಥವಾ ಓರೆ ಹಿಡಿದರೆ ತಿರುಗುವುದನ್ನು ಬಿಟ್ಟು ಇದ್ದಲ್ಲೇ ನಡುಗುತ್ತದೆ. ತಿರುಗುತ್ತಿದೆಯೋ ಇಲ್ಲವೋ ತಿಳಿಯಲೆಂದು ಪ್ಯಾಡಿನ ಅಂಚಿಗೆ ನಾನು ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟಿದ್ದೆ. ಗೆರೆ ಕಣ್ಣಿಗೆ ಕಂಡರೆ ಕೆಲಸ ಆಗುತ್ತಿಲ್ಲ ಎಂದು ಅರ್ಥ. ಮಾವನದು ಫೋರ್ಸ್ಡ್ ರೊಟೇಶನ್. ಅದರೊಳಗೆ ಗೇರು ಇರುತ್ತದೆ. ಪ್ಯಾಡು ವೃತ್ತದಲ್ಲಿ ತೂಗುತ್ತಲೇ ತಿರುಗಲೂ ಬೇಕು, ಬೇರೆ ದಾರಿಯಿಲ್ಲ. ಎಷ್ಟು ಒತ್ತಿದರೂ ಅದು ನಿಲ್ಲುವುದಿಲ್ಲ. ನನ್ನ ಮಷಿನು ನಾಲ್ಕು ಸಲ ಓಡಿಸಿ ತೆಗೆಯುವ ಗೀರನ್ನು ಅದು ಒಂದೆರಡು ಸಲಕ್ಕೇ ತೆಗೆದುಹಾಕುತ್ತದೆ. ಬಿಸಿಯೂ ಜಾಸ್ತಿ, ಹಿಡಿದವರ ಮೊಣಕೈಗೆ ನಡುಕವೂ ಜಾಸ್ತಿ.

"ಹೋಟೆಲಿನ ಗ್ರೈಂಡರ್ ನೋಡಿದ್ದಿಯಲ್ಲ" ಎಂದು ಮಾವ ಹೇಳುತ್ತಿದ್ದ. "ಹಿಟ್ಟು ಗಟ್ಟಿ ಆಯ್ತು ಅಂತ ಕಲ್ಲು ನಿಂತ್ರೆ ನಾಳೆ ಬೆಳಿಗ್ಗೆ ಇಡ್ಲಿ ಯಾರು ಕೊಡುವುದು?"

"ಕಾರು ಉದ್ದಿನಬೇಳೆ ಅಲ್ಲ ಮಾವ."

"ಅಲ್ಲ. ಆದ್ರೆ ನಿನ್ನದು ಮಷಿನು ಸಹ ಅಲ್ಲ."

ನನ್ನ ವಾದ ಇಷ್ಟೇ: ತಪ್ಪು ಹೆಜ್ಜೆ ಇಟ್ಟಾಗ ನನ್ನ ಮಷಿನು ತಾನೇ ನಿಲ್ಲುತ್ತದೆ, ಅವನದ್ದು ಮುಂದುವರಿಯುತ್ತದೆ. ಅವನ ವಾದವೂ ಅದೇ ಆಗಿತ್ತು, ಹೊಗಳಿಕೆಯ ರೂಪದಲ್ಲಿ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅಮ್ಮನ ವರ ಕಾರು ತಂದರು. ಸಪೂರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆ ಪೂರ್ತಿ ನರೆತಿತ್ತು. ಅಂಗಡಿಯ ಎದುರಿನ ಓಣಿ ಇಕ್ಕಟ್ಟು. ಟೆಂಪೋಗಳು, ಕೈಗಾಡಿ, ಒಂದು ಒಡೆದ ಫ್ರಿಜ್ಜು, ಇವುಗಳ ನಡುವೆ ಅವರು ಕಾರನ್ನು ಹಿಮ್ಮುಖವಾಗಿ ಒಂದೇ ಸಲಕ್ಕೆ ಒಳಗೆ ತಂದು ನಿಲ್ಲಿಸಿದರು. ಹಾರ್ನ್ ಹೊಡೆಯಲಿಲ್ಲ. ಅವರು ನನ್ನ ಕಡೆ ತಿರುಗಿ, "ನೀನೇ ಅಲ್ವಾ ಮಗಳು? ಟೈಮ್ ತಗೊಂಡು ಮಾಡಿ, ಜಲ್ದಿ ಏನಿಲ್ಲ. ಸಂಜೆ ಬರ್ತೇನೆ" ಎಂದರು. ಮಾವನಿಗೆ ಕೈ ಮುಗಿದು ಸ್ಟೇಷನ್ನಿನ ಕಡೆ ನಡೆದರು. ಅವರನ್ನು ಏನೆಂದು ಕರೆಯಬೇಕೆಂದು ನನಗೆ ತೋಚಿರಲಿಲ್ಲ. ಗಿರಾಕಿಗಳನ್ನು ನಾವು ಕಾರಿನ ಬಣ್ಣದಿಂದಲೇ ಗುರುತಿಡುವುದರಿಂದ ಅವರ ನಂಬರನ್ನು ಫೋನಿನಲ್ಲಿ ಕಪ್ಪು ಕಾರು ಎಂದು ಹಾಕಿಕೊಂಡೆ.

ಅದು ಸಣ್ಣ ಕಾರು, ಮುಂಬಯಿಯಲ್ಲಿ ಎಲ್ಲ ಕಡೆ ಕಾಣುವಂಥದ್ದು. ವಯಸ್ಸಾಗಿತ್ತು. ಒಳಗೆ ಮಾತ್ರ ಬಹಳ ಶುಭ್ರ. ದೀಪ ಹಿಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸಣ್ಣ ಗೀರುಗಳು, ವರ್ಷಗಟ್ಟಲೆ ಧೂಳಿನ ಬಟ್ಟೆಯಿಂದ ಒರೆಸಿದ ಗುರುತು. ನಾನು ಕಾರನ್ನು ತೊಳೆದು, ಒಣಗಿಸಿ, ರಬ್ಬರ್ ಅಂಚುಗಳಿಗೆ ಟೇಪು ಹಚ್ಚಿದೆ. ಮಾವ ಟೇಪಿನ ಸುರುಳಿ ತೆಗೆದುಕೊಂಡು ಬಾನೆಟ್ಟಿನ ನಟ್ಟನಡುವೆ ಮೇಲಿನಿಂದ ಕೆಳಗೆ ಒಂದು ಪಟ್ಟಿ ಅಂಟಿಸಿದ. ರೂಫಿನ ಮೇಲೂ ಹಾಗೇ ಅಂಟಿಸಿದ.

"ಎಡಗಡೆ ನಂದು, ಬಲಗಡೆ ನಿಂದು. ಇವತ್ತು ಗೊತ್ತಾಗ್ಲಿ."

ಅಕ್ಕನ ಮದುವೆಯ ಕಾರಿನ ಮೇಲೆಯೇ ಇದು ತೀರ್ಮಾನವಾಗಬೇಕೆ ಎಂದು ಕೇಳಬಹುದಿತ್ತು. ಆದರೆ ಕಪ್ಪು ಬಣ್ಣದ ಮೇಲೆ ತೋರುವಷ್ಟು ಸ್ಪಷ್ಟವಾಗಿ ಬೇರೆ ಯಾವ ಬಣ್ಣದ ಮೇಲೂ ವ್ಯತ್ಯಾಸ ತೋರುವುದಿಲ್ಲ. ಅದು ನನಗೂ ಗೊತ್ತಿತ್ತು. ನಾನು ಪ್ಯಾಡಿಗೆ ಕಂಪೌಂಡ್ ಎಂಬ ಪಾಲಿಶಿನ ಲೇಪ ಹಚ್ಚಿ, ನನ್ನ ಮಷಿನನ್ನು ಪ್ಲಗ್ಗಿಗೆ ಹಾಕಿದೆ.

ಬಾನೆಟ್ಟಿನಲ್ಲಿ ಮಾವ ಗೆದ್ದ. ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ಕಷ್ಟವೂ ಇಲ್ಲ, ದೀಪದ ಕೆಳಗೆ ಅದು ಕಣ್ಣಿಗೆ ಹೊಡೆಯುತ್ತಿತ್ತು. ಕಂಪನಿ ಹಚ್ಚಿದ ಆ ಕಪ್ಪು ಗಟ್ಟಿಯಾಗಿತ್ತು. ನನ್ನ ಪ್ಯಾಡು ಹಗುರ ಕೈಗೆ ತಿರುಗಿ, ಮೇಲಿನ ಗೀರುಗಳನ್ನು ಅಳಿಸಿ, ಆಳದ್ದನ್ನು ಅಲ್ಲೇ ಬಿಟ್ಟಿತ್ತು. ಬಾನೆಟ್ಟು ಮುಂದಕ್ಕೆ ಬಾಗುವ ಕಡೆ ಮಾರ್ಕರಿನ ಗೆರೆ ನಿಂತು ನನ್ನನ್ನೇ ನೋಡುತ್ತಿತ್ತು. ಮಾವನ ಅರ್ಧದಲ್ಲಿ ಟ್ಯೂಬ್‌ಲೈಟು ತುಂಡಾಗದೆ ಉದ್ದಕ್ಕೆ ಕಾಣುತ್ತಿತ್ತು. ಕಂಪೌಂಡಿನ ಎಣ್ಣೆಯಂಶ ಗೀರನ್ನು ಮುಚ್ಚಿಟ್ಟಿದೆಯೇನೋ ಎಂದು ನಾನು ಸ್ಪಿರಿಟ್ ಹಾಕಿ ಒರೆಸಿ ನೋಡಿದೆ. ಅಲ್ಲೊಂದು ಇಲ್ಲೊಂದು ತೆಳು ಮಬ್ಬು ಬಿಟ್ಟರೆ ಏನೂ ಇರಲಿಲ್ಲ.

"ಏನಾದ್ರೂ ಸಿಕ್ಕಿತಾ?" ಎಂದ ಮಾವ.

"ಸ್ವಲ್ಪ ಮಬ್ಬುಂಟು."

"ಅದು ನಿನ್ನ ಉಸಿರು" ಎಂದು ಅವನು ಚಹಾ ತರಿಸಲು ಹೋದ.

ಚಹಾ ಕುಡಿದು ರೂಫಿಗೆ ಕೈ ಹಾಕಿದೆವು. ಪೇಂಟಿನ ದಪ್ಪ ಅಳೆಯುವ ಒಂದು ಸಣ್ಣ ಗೇಜು ನಮ್ಮಲ್ಲಿದೆ, ಲೋಹದ ಮೇಲಿಟ್ಟರೆ ಅಂಕಿ ತೋರಿಸುತ್ತದೆ. ಮಾವ ಅದನ್ನು ರೂಫಿನ ಮೇಲೆ ನಾಲ್ಕು ಕಡೆ ಇಟ್ಟು ನೋಡಿದ. ಬಾನೆಟ್ಟಿಗಿಂತ ಇಲ್ಲಿ ಬಹಳ ದಪ್ಪ. "ಭಾರೀ ಪೇಂಟ್ ಉಂಟು" ಎಂದು ತೃಪ್ತಿಯಿಂದ ಹೇಳಿ, ಇನ್ನೂ ಒರಟಾದ ಪ್ಯಾಡು ಹಾಕಿಕೊಂಡ. ದಪ್ಪ ಇರುವ ಕಡೆ ಧೈರ್ಯವಾಗಿ ಒತ್ತಬಹುದು ಎಂಬುದು ಈ ಕೆಲಸದಲ್ಲಿ ಎಲ್ಲರೂ ನಂಬುವ ಮಾತು. ನಾನೂ ನಂಬಿದ್ದೆ.

ಅವನು ಮಂಚದಂಥ ಸ್ಟೂಲಿನ ಮೇಲೆ ನಿಂತು ಎಡಗಡೆಯ ಅಂಚಿನುದ್ದಕ್ಕೂ ಮಷಿನು ಓಡಿಸಿದ. ರೂಫು ಬಾಗಿಲಿನ ಕಡೆಗೆ ಇಳಿಯುವ ಏಣಿನ ಮೇಲೆ ಸ್ವಲ್ಪ ಹೊತ್ತು ಜಾಸ್ತಿಯೇ ನಿಂತ, ಅಲ್ಲೊಂದು ಹಟಮಾರಿ ಗೀರಿತ್ತು. ನನ್ನ ಬದಿಯಲ್ಲಿ ಆ ಏಣು ಬಂದಾಗ ಪ್ಯಾಡು ಎಂದಿನಂತೆ ತಿರುಗುವುದನ್ನು ಬಿಟ್ಟು ನಡುಗುತ್ತ ನಿಂತಿತು. ನಾನು ಬೇಸರದಿಂದ ಕೈ ತೆಗೆದೆ. ಅಷ್ಟರಲ್ಲಿ ಮಾವನ ಮಷಿನು ನಿಂತ ಸದ್ದು ಕೇಳಿಸಿತು. ಅವನು ಅದನ್ನು ಮಗುಚಿ ಪ್ಯಾಡು ನೋಡುತ್ತಿದ್ದ. ಅಂಥ ಹಳೆಯ ಪೇಂಟಿನ ಕೆಲಸದಲ್ಲಿ ಪ್ಯಾಡು ಕಪ್ಪಾಗುವುದು ಸಹಜ. ಆದರೆ ಆ ಕಪ್ಪಿನ ನಡುವೆ ಅರಸಿನ ಬಣ್ಣದ ಉಂಗುರವೊಂದು ಎದ್ದಿತ್ತು.

"ಇದೆಂಥದು, ಕಂಪೌಂಡ್ ಹಾಳಾಯ್ತಾ?" ಎಂದ.

ನಾನು ರೂಫಿನ ಅಂಚನ್ನು ಬಟ್ಟೆಯಿಂದ ಒರೆಸಿದೆ. ಅಂಗೈ ಅಗಲದಷ್ಟು ಜಾಗದಲ್ಲಿ ಕಪ್ಪು ಹೋಗಿ ಹಳದಿ ಕಾಣಿಸಿಕೊಂಡಿತ್ತು. ಯಾವುದೋ ಒಂದು ಹಳದಿಯಲ್ಲ. ಈ ಊರಿನಲ್ಲಿ ಒಂದು ದಿನ ಇದ್ದವರಿಗೂ ಗೊತ್ತಾಗುವ ಹಳದಿ.

ಇಬ್ಬರೂ ಅದನ್ನು ನೋಡುತ್ತ ನಿಂತೆವು. "ಟ್ಯಾಕ್ಸಿ" ಎಂದ ಮಾವ ಕೊನೆಗೆ. ಮುಂಬಯಿಯ ಟ್ಯಾಕ್ಸಿಗಳಿಗೆ ಮೈಯೆಲ್ಲ ಕಪ್ಪು, ರೂಫು ಮಾತ್ರ ಹಳದಿ.

ಆಮೇಲೆ ಅವನೇ ನಿಧಾನವಾಗಿ ಬಿಡಿಸಿ ಹೇಳಿದ, ನನಗಲ್ಲ, ಗೇಜಿಗೆ ಎಂಬಂತೆ. ಗೇಜು ಎಲ್ಲ ಪದರಗಳನ್ನೂ ಕೂಡಿಸಿ ಒಂದೇ ಅಂಕಿ ಕೊಡುತ್ತದೆ. ಅಡಿಯಲ್ಲಿ ದಪ್ಪ ಹಳದಿ, ಮೇಲೆ ಯಾರೋ ಅವಸರದಲ್ಲಿ ಸ್ಪ್ರೇ ಮಾಡಿದ ತೆಳ್ಳಗಿನ ಕಪ್ಪು. ದಪ್ಪವಿದ್ದದ್ದು ಒಳಗೆ. ನಾವು ಉಜ್ಜುತ್ತಿದ್ದದ್ದು ಹೊರಗೆ.

ಪಕ್ಕದ ಶಟರಿನ ಪೇಂಟರನ್ನು ಕರೆದೆವು. ಅವರು ವಿಜಯಪುರದ ಕಡೆಯವರು, ಮಾತುಗಾರರು, ನಾನು ಮೂರನೆಯ ಸಾಕ್ಷಿಯೆಂದು ಗೊತ್ತುಮಾಡಿದ್ದೂ ಅವರನ್ನೇ. ಬಂದು ರೂಫನ್ನು ಬೆರಳಿನಿಂದ ಸವರಿ, "ನಾ ಮೊದ್ಲ ಹೇಳ್ತಿದ್ದೆ ನೋಡ್ರಿ" ಎಂದರು.

"ನೀವು ಈಗ ಬಂದದ್ದಲ್ವಾ?" ಎಂದ ಮಾವ.

"ಕರದಿದ್ರ ಹೇಳ್ತಿದ್ದೆ ಅಂದೆ. ಈಗ ಇದರ ಮ್ಯಾಲ ಕಪ್ಪು ಹೊಡದ್ರ ನಾಳಿಗಿ ಹಸೀನ ಇರ್ತೈತ್ರಿ. ಬಿಸ್ಲಿಗಿ ನಿಂತ್ರ ಧೂಳ ಹತ್ತತೈತಿ. ಇಲ್ಲಂದ್ರ ಒಂದ ಕೆಲಸ ಮಾಡ್ರಿ, ಆ ಕಡಿನೂ ಇಷ್ಟ ಹಳದಿ ತಗೀರಿ. ಎರಡೂ ಕಡಿ ಪಟ್ಟಿ ಕಂಡ್ರ ಡಿಸೈನ್ ಅಂತಾರ."

ಮಾವ ಆ ಸಲಹೆಯನ್ನು ಒಂದು ಕ್ಷಣ ನಿಜವಾಗಿಯೂ ಪರಿಶೀಲಿಸಿದನೆಂದು ನನ್ನ ಅನುಮಾನ. ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ.

ನಾನು ಅಮ್ಮನಿಗೆ ಫೋನು ಮಾಡಿದೆ. ಡಬ್ಬಿ ಕಟ್ಟುವ ಹೊತ್ತು, ಹಿಂದೆ ಪಾತ್ರೆಗಳ ಸದ್ದು. ಅವರ ಕಾರು ಮೊದಲು ಟ್ಯಾಕ್ಸಿಯಾಗಿತ್ತು, ನಿನಗೆ ಗೊತ್ತಾ ಎಂದು ಕೇಳಿದೆ.

"ಗೊತ್ತಿಲ್ಲದೆ ಏನು? ಬೈಕುಲ್ಲಾ ಮಾರ್ಕೆಟ್ಟಿನಿಂದ ತರಕಾರಿ ಮೂಟೆ ಹಾಕಿಕೊಂಡು ಎಷ್ಟು ವರ್ಷ ಅದರಲ್ಲೇ ಬಂದಿದ್ದೇನೆ. ಕನ್ನಡ ಮಾತಾಡ್ತಾರೆ ಅಂತ ಅವರನ್ನೇ ಬರ್ಲಿಕ್ಕೆ ಹೇಳ್ತಿದ್ದೆ. ಪರ್ಮಿಟ್ ಮುಗಿದ ಮೇಲೆ ಬಣ್ಣ ಹೊಡೆಸಿ ಪ್ರೈವೇಟ್ ಮಾಡಿಸಿದ್ರು. ಯಾಕೆ?"

"ನೀನು ಗಾಡಿ ಲೈನು ಅಂದಿದ್ದೆ."

"ಟ್ಯಾಕ್ಸಿ ಗಾಡಿ ಅಲ್ವಾ?"

ಮಾವನ ಎದುರು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅವನು ಗಾಡಿ ಲೈನು ಎಂದರೆ ಲಾರಿಗಳ ಮಾಲೀಕ ಎಂದು ತಿಳಿದುಕೊಂಡಿದ್ದ. ಆ ಲಾರಿಗಳ ಬಲದಿಂದಲೇ ಅವನು ಈ ಮದುವೆಯನ್ನು ಅಷ್ಟಿಷ್ಟು ಸಹಿಸಿಕೊಂಡಿದ್ದ ಎಂದು ನನಗೆ ಆಗ ಹೊಳೆಯಿತು. ಅವನ ಮುಖದಲ್ಲಿ ಲಾರಿಗಳು ಒಂದೊಂದಾಗಿ ಹೊರಟುಹೋಗುವುದು ಕಾಣುತ್ತಿತ್ತು. ಆದರೆ ಸಿಟ್ಟು ಮಾಡಲಿಕ್ಕೂ ಅವನಿಗೆ ಅನುಕೂಲವಿರಲಿಲ್ಲ. ವರನನ್ನು ಪರೀಕ್ಷೆ ಮಾಡಲು ಕೂತ ಹೆಣ್ಣಿನ ಕಡೆಯ ಹಿರಿಯ, ಮದುವೆಯ ಹಿಂದಿನ ದಿನ ವರನ ಕಾರಿನ ಬಣ್ಣ ಕಿತ್ತು ಕೂತಿದ್ದ.

ಅವನು ಕುರ್ಚಿಯಿಂದ ಎದ್ದ. ಆಮೇಲೆ ತನ್ನ ಮಷಿನಿನ ವಯರು ಸುತ್ತಿ ಬದಿಗಿಟ್ಟು, ಕೈದೀಪ ಎತ್ತಿಕೊಂಡ.

"ರೂಫಿನ ಉಳಿದದ್ದು ನಿನ್ನದರಲ್ಲೇ ಮಾಡು. ನಾನು ಬೆಳಕು ಹಿಡೀತೇನೆ."

ಟೇಪಿನ ಪಟ್ಟಿ ಕಿತ್ತು, ರೂಫಿನ ಎರಡೂ ಅರ್ಧಗಳನ್ನು ನಾನು ಮೆತ್ತನೆಯ ಪ್ಯಾಡಿನಿಂದ ಮಾಡಿದೆ. ಅಂಚು ಬಂದಲ್ಲೆಲ್ಲ ಪ್ಯಾಡು ನಿಲ್ಲುತ್ತಿತ್ತು, ನಾನೂ ನಿಲ್ಲುತ್ತಿದ್ದೆ. ಗೀರುಗಳು ಪೂರ್ತಿ ಹೋಗಲಿಲ್ಲ. ಕಪ್ಪು ಉಳಿಯಿತು. ಮಾವ ದೀಪವನ್ನು ನಾನು ಕೇಳುವ ಮೊದಲೇ ಬೇಕಾದ ಕಡೆ ತಿರುಗಿಸುತ್ತಿದ್ದ. ಬಾನೆಟ್ಟಿನ ನನ್ನ ಅರ್ಧವನ್ನು ಆಮೇಲೆ ಅವನ ಮಷಿನಿನಲ್ಲೇ ಸರಿಮಾಡಿದೆವು. ಅದನ್ನು ನಾನೇ ಹಿಡಿದೆ. ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಕೆಲಸ ಮಾತ್ರ ಬೇಗ ಆಯಿತು.

ಸಂಜೆ ಅಮ್ಮನ ವರ ಬಂದರು. ಮಾವ ಎದ್ದು ನಿಂತು, ಹೋಟೆಲಿನಲ್ಲಿ ಸಾಂಬಾರಿನಲ್ಲಿ ಏನಾದರೂ ಬಿದ್ದಾಗ ಗಿರಾಕಿಯ ಎದುರು ನಿಲ್ಲುತ್ತಿದ್ದ ಹಾಗೆ ಕೈಗಳನ್ನು ಮುಂದೆ ಕಟ್ಟಿಕೊಂಡ. "ನನ್ನಿಂದ ತಪ್ಪಾಯ್ತು. ಜೋರಾಗಿ ಒತ್ತಿಬಿಟ್ಟೆ" ಎಂದು ಅಂಚು ತೋರಿಸಿದ.

ಅವರು ಹಳದಿಯನ್ನು ನೋಡಿದರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಅವರಿಗೆ ಬೇಜಾರಾಯಿತೋ ಇಲ್ಲವೋ ಹೇಳುವುದು ಕಷ್ಟ. ಸಿಗ್ನಲಿನಲ್ಲಿ ಕೂತು ಕೂತು ಅಭ್ಯಾಸವಾದ ಮುಖ ಅದು.

"ಬಣ್ಣ ಚೆನ್ನಾಗಿ ಉಳಿದಿದೆ" ಎಂದರು ಹಳದಿಯ ಬಗ್ಗೆ. "ಟೆನ್ಶನ್ ಬೇಡ. ಮಳೆ ಮುಗಿದ ಮೇಲೆ ರೂಫಿಗೆ ಹೊಸ ಪೇಂಟ್ ಹೊಡೆಸೋಣ."

ಮಾವನಿಗೆ ಇಷ್ಟಕ್ಕೇ ಮುಗಿಸಲು ಆಗಲಿಲ್ಲ. "ಬೈಕುಲ್ಲಾ ಕಡೆ ಗಾಡಿ ಓಡಿಸಿದವರು ನೀವು. ನನ್ನ ಹೋಟೆಲು ಅಲ್ಲೇ ಇದ್ದದ್ದು, ಸ್ಟೇಷನ್ನಿನಿಂದ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ. ಮೂಲೆ. ಊಟಕ್ಕೆ ಬಂದಿರಬೇಕು."

"ನೋಡಿದ್ದೇನೆ. ಒಮ್ಮೆಯೂ ಬಂದಿಲ್ಲ."

"ಯಾಕೆ?"

"ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇರಲಿಲ್ಲ."

ಮಾವ ಕಟ್ಟಿದ ಕೈ ಬಿಚ್ಚಿದ. "ಎದುರು ಗಲ್ಲಿ ಇತ್ತಲ್ಲ?"

"ಅಲ್ಲಿ ಕೋಳಿ ಗಾಡಿಗಳು ನಿಲ್ತಿದ್ದವು."

"ಅವು ಬೆಳಿಗ್ಗೆ. ಮಧ್ಯಾಹ್ನ ಖಾಲಿ."

"ಮಧ್ಯಾಹ್ನ ಸ್ಕೂಲ್ ಬಸ್ಸು ಬರ್ತದೆ. ನಾನು ನೋಡಿದ್ದೇನಲ್ಲ."

"ಬಸ್ಸು ಆಚೆ ಗಲ್ಲಿ. ಹೋಟೆಲು ನಡೆಸಿದ್ದು ನಾನಾ ನೀವಾ?"

"ಗಾಡಿ ನಿಲ್ಲಿಸ್ಬೇಕಾಗಿದ್ದದ್ದು ನಾನು."

ಪೇಂಟರು ತಮ್ಮ ಅಂಗಡಿಯಿಂದ ಸ್ಟೂಲು ತಂದು ಕೂತರು. ನಾನು ಮಷಿನುಗಳನ್ನು ಒರೆಸಿಟ್ಟೆ, ಪ್ಯಾಡುಗಳನ್ನು ತೊಳೆದೆ, ನೆಲ ಒರೆಸಿದೆ. ಅಷ್ಟೂ ಹೊತ್ತು ಅವರಿಬ್ಬರು ಈಗ ಇಲ್ಲದ ಒಂದು ಹೋಟೆಲಿನ ಎದುರಿಗೆ, ಈಗ ಟ್ಯಾಕ್ಸಿಯಲ್ಲದ ಒಂದು ಟ್ಯಾಕ್ಸಿಯನ್ನು ಎಲ್ಲಿ ನಿಲ್ಲಿಸಬಹುದಿತ್ತು ಎಂದು ವಾದ ಮಾಡಿದರು. ಮಾವ ಅಂಗಡಿಯ ನೆಲದ ಮೇಲೆ ಮಾಸ್ಕಿಂಗ್ ಟೇಪಿನಿಂದ ರಸ್ತೆಗಳನ್ನು ಅಂಟಿಸಿ ತೋರಿಸಿದ. ಅವರು ಬಗ್ಗಿ ಒಂದು ಪಟ್ಟಿಯನ್ನು ಕಿತ್ತು ಬೇರೆ ಕಡೆ ಅಂಟಿಸಿದರು. ಶಟರು ಎಳೆಯುವ ಹೊತ್ತಿಗೆ ಮಾವ, "ನಾಳೆ ಎಷ್ಟು ಗಂಟೆಗೆ ಅಲ್ಲಿರಬೇಕು?" ಎಂದು ಕೇಳಿದ. ಸಾಕ್ಷಿಯ ಬಗ್ಗೆ ಅವನು ಆಡಿದ ಮಾತು ಅದೊಂದೇ.

ಮರುದಿನ ನಾವೆಲ್ಲ ಅದೇ ಕಾರಿನಲ್ಲಿ ಬಾಂದ್ರಾಕ್ಕೆ ಹೋದೆವು. ಹೂವಿನವಳು ರೂಫಿನ ಅಂಚಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದಳು. ಹಳದಿಯ ಮೇಲೆ ಹಳದಿ ಬಿದ್ದು, ಹುಡುಕಿದರೂ ಗುರುತು ಸಿಗುತ್ತಿರಲಿಲ್ಲ. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಕೆಳಗೆ ಬಂದವಳು, ಹಿಂದಿನ ಬಾಗಿಲು ತೆಗೆದು ಎಡಗಡೆಯ ಕಿಟಕಿಯ ಹತ್ತಿರ ಕೂತಳು. ಮದುವಣಗಿತ್ತಿ ಮುಂದೆ ಕೂರಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನಾನು, ಪೇಂಟರು ಅವಳ ಪಕ್ಕ. ಮಾವ ಮುಂದೆ. ವರ ಕನ್ನಡಿ ಸರಿಮಾಡಿ, "ಹೊರಡೋಣವಾ?" ಎಂದು ಕೇಳಿದರು. ಅಮ್ಮ ಹೂಂ ಎಂದಳು. ಅದು ಅವರಿಬ್ಬರ ನಡುವೆ ನೂರಾರು ಸಲ ನಡೆದ ಮಾತಿನಂತೆ ಕೇಳಿಸಿತು. ನಾನು ಇಲ್ಲದಲ್ಲಿ ಅಮ್ಮನಿಗೆ ಅಷ್ಟೊಂದು ಬೆಳಗುಗಳು ಇದ್ದವೆಂದು ನಾನು ಎಂದೂ ಯೋಚಿಸಿರಲಿಲ್ಲ.

ಅಂಧೇರಿ ದಾಟುವಾಗ ರಸ್ತೆಯ ಬದಿಯಲ್ಲಿ ಬ್ಯಾಗು ಹಿಡಿದು ನಿಂತ ಒಬ್ಬ ರಿಕ್ಷಾಕ್ಕೆ ಕೈ ಎತ್ತಿದ. ನಮ್ಮ ಕಾರು ಎಡಕ್ಕೆ ಸರಿದು ಅವನ ಎದುರು ನಿಂತಿತು. ಆ ಮನುಷ್ಯ ಹೂಮಾಲೆ ನೋಡಿದ, ಒಳಗಿದ್ದ ನಮ್ಮೈವರನ್ನು ನೋಡಿದ. ವರ ಕಿಟಕಿಯಿಂದ ಅವನಿಗೆ ಸಾರಿ ಹೇಳಿ ಗೇರು ಹಾಕಿದರು. ಯಾರೂ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಮ್ಮ, "ಜಾಗ ಇದ್ದಿದ್ರೆ ಹತ್ತಿಸಬಹುದಿತ್ತು" ಎಂದಳು.

ರಿಜಿಸ್ಟ್ರಾರರ ಎದುರು ಕೆಲಸ ಬೇಗ ಮುಗಿಯಿತು. ಮಾವ ಸಹಿ ಹಾಕುವಾಗ ಪೆನ್ನನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದ. ಅದು ಅವನ ಸ್ವಭಾವ. ಪೇಂಟರು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು. ಅಮ್ಮ ಮತ್ತು ಅವರು ಹಾರ ಬದಲಾಯಿಸಿಕೊಂಡು, ಮುಂದಿನ ಜೋಡಿಗೆ ಜಾಗ ಬಿಟ್ಟು ಹೊರಗೆ ಬಂದರು. ಮಾವ ಬಾಗಿಲ ಬಳಿ ಅಕ್ಕನ ಹೆಗಲ ಮೇಲೆ ಬಿದ್ದಿದ್ದ ಹೂವಿನ ಎಸಳನ್ನು ತೆಗೆದು, ಎಲ್ಲಿ ಹಾಕುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡ.

ಮಳೆಗಾಲ ಮುಗಿದ ಮೇಲೆ ಪೇಂಟರು ರೂಫನ್ನು ಲೋಹದವರೆಗೆ ಕೆರೆದು ಹೊಸದಾಗಿ ಕಪ್ಪು ಹಚ್ಚಿದರು. ಹೊಸ ಪೇಂಟು ಗಟ್ಟಿಯಾಗುವ ತನಕ ಯಾವ ಮಷಿನನ್ನೂ ಮುಟ್ಟಿಸಬಾರದು. ಅಷ್ಟು ದಿನ ಮಾವನೂ ಅವನ ಹೊಸ ಭಾವನೂ ಭಾನುವಾರ ಅಂಗಡಿಯಲ್ಲಿ ಕಾರಿನ ಆಚೆ ಈಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಈಗ ಗಿರಾಕಿಗಳು ಯಾವ ಮಷಿನು ಒಳ್ಳೆಯದೆಂದು ಕೇಳಿದರೆ ಮಾವ, "ಯಾವ ಪೇಂಟು, ಮೊದಲು ಯಾರು ಹೊಡೆದದ್ದು, ಅದನ್ನು ಹೇಳಿ" ಎನ್ನುತ್ತಾನೆ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆಗ ಅವನು ಗೇಜನ್ನು ಡ್ರಾಯರಿನಲ್ಲೇ ಬಿಟ್ಟು, ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಸ್ವಲ್ಪವೇ ಉಜ್ಜಿ, ಪ್ಯಾಡು ಮಗುಚಿ ನೋಡುತ್ತಾನೆ.